ವೇಗದ ಕಾರಿಗೆ ಎಂಥ ಟೈರು?

ನಮ್ಮ ಬೆಳೆಗಾರರ ಮನೆಗಳಲ್ಲಿ ಈಗ ಜೀಪಿನ ಪಕ್ಕದಲ್ಲಿ ಮಕ್ಕಳ ವೇಗದ ಕಾರೂ ನಿಂತಿರುವುದುಂಟು. ಅದರ ಟೈರು ಸವೆದಾಗ ಅಗಲವನ್ನೂ ಅಂದವನ್ನೂ ನೋಡಿ ಹೊಸದನ್ನು ಕೊಳ್ಳುವ ರೂಢಿ ಬೆಳೆದಿದೆ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಒಣ ರಸ್ತೆಯಲ್ಲಿ ಅಗಲದ ಟೈರಿಗೆ ಹಿಡಿತ ಹೆಚ್ಚು, ನಿಜ. ಆದರೆ ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳ ರಸ್ತೆಯ ಮೇಲೆ ನೀರು ಹರಿಯುತ್ತದೆ. ಟೈರಿನ ಮೈಮೇಲಿನ ಗೀರುಗಳು ತೋಟದ ಬಸಿಗಾಲುವೆಗಳಿದ್ದಂತೆ. ಅವು ನೀರನ್ನು ಹೊರಹಾಕದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕೂ ಸ್ಟೇರಿಂಗೂ ಕೈಗೆ ಸಿಗವು. ಟೈರು ಅಗಲವಾದಷ್ಟೂ, ಸವೆದಷ್ಟೂ ಈ ಅಪಾಯ ಹೆಚ್ಚು. ಗೀರಿನ ಆಳ 1.6 ಮಿ.ಮೀ. ಎಂಬುದು ಕೊನೆಯ ಮಿತಿ. ನಮ್ಮ ಮಳೆಗೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಲೇಸು.

ಕಾರಿನ ಕಂಪನಿ ಸೂಚಿಸಿದ ಅಳತೆಯನ್ನೇ ಕೊಳ್ಳಬೇಕು. ಭಾರದ ಸಂಖ್ಯೆ, ವೇಗದ ಅಕ್ಷರ ಅದಕ್ಕಿಂತ ಕಡಿಮೆಯಿರಬಾರದು. ‘ವಿ’ ಎಂದರೆ ಗಂಟೆಗೆ 240 ಕಿ.ಮೀ. ವೇಗ ತಾಳುವ ಟೈರು. ಒದ್ದೆ ರಸ್ತೆಯ ಹಿಡಿತವನ್ನು ಆ ಅಕ್ಷರ ಹೇಳುವುದಿಲ್ಲ. ಅದನ್ನು ಅಂಗಡಿಯವರಲ್ಲಿ ಬೇರೆಯಾಗಿಯೇ ವಿಚಾರಿಸಬೇಕು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನೂ ಓದಬೇಕು: 2324 ಎಂದರೆ 2024ರ 23ನೇ ವಾರ ತಯಾರಾದದ್ದು. ರಿಯಾಯಿತಿಯ ಆಸೆಗೆ ಹಳೆಯ ದಾಸ್ತಾನು ಬೇಡ.

ಎರಡೇ ಕೊಳ್ಳುವುದಾದರೆ ಹೊಸವನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿದರೆ ನುರಿತವರಿಗೂ ಹತೋಟಿ ಕಷ್ಟ.

ದುಡ್ಡು ಕೊಡುವ ಹಿರಿಯರು ಇಷ್ಟನ್ನು ಕೇಳಿಯೇ ಕೊಡಲಿ. ಕೊಳೆರೋಗ ತಗಲಿದ ಮೇಲೆ ಬೋರ್ಡೋ ಹೊಡೆಯಲು ಕಾಯುವವರು ನಾವಲ್ಲ. ಟೈರಿನ ವಿಚಾರದಲ್ಲಿಯೂ ಮಳೆಗೆ ಮುಂಚೆಯೇ ಎಚ್ಚರವಿರಲಿ.