ಸಾವಿರ ಪ್ರತಿಯ ಲೆಕ್ಕಕ್ಕೆ ಸಿಗದ ಮಗು

1893ರ ಸೆಪ್ಟೆಂಬರಿನಲ್ಲಿ ಬಿಯಾಟ್ರಿಕ್ಸ್ ಪಾಟರ್ ಎಂಬ ಇಂಗ್ಲಿಷ್ ಮಹಿಳೆ, ಕಾಯಿಲೆ ಬಿದ್ದಿದ್ದ ಐದು ವರ್ಷದ ಬಾಲಕನೊಬ್ಬನಿಗೆ ಕಾಗದ ಬರೆದರು. ಅದರಲ್ಲಿದ್ದುದು ನಾಲ್ಕು ಮೊಲದ ಮರಿಗಳ ಕಥೆ, ಅಲ್ಲಲ್ಲಿ ಗೆರೆಚಿತ್ರಗಳು. ಮುಂದೆ ಅದನ್ನೇ ಪುಸ್ತಕವಾಗಿಸಲು ಹೊರಟಾಗ ಪ್ರಕಾಶಕರು ಒಪ್ಪಲಿಲ್ಲ. ಪುಟ್ಟ ಕೈಗಳಿಗೆ ಒಗ್ಗುವ ಗಾತ್ರ, ಎಲ್ಲರ ಕೈಗೆಟುಕುವ ಬೆಲೆ ಇವೆರಡನ್ನೂ ಬಿಟ್ಟುಕೊಡಲು ಪಾಟರ್ ಸಿದ್ಧರಿರಲಿಲ್ಲ. ಕೊನೆಗೆ 1901ರ ಡಿಸೆಂಬರಿನಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿಗಳನ್ನು ಅಚ್ಚು ಹಾಕಿಸಿದರು. ಆರಂಭದ ಒಂದು ಚಿತ್ರಕ್ಕೆ ಮಾತ್ರ ಬಣ್ಣ. ಉಳಿದದ್ದೆಲ್ಲ ಕಪ್ಪು ಬಿಳುಪು. ಮರುವರ್ಷ ಪ್ರಕಾಶನ ಸಂಸ್ಥೆಯೊಂದು ಅದನ್ನು ಬಣ್ಣದಲ್ಲಿ ಹೊರತಂದ ಮೇಲೆ 'ಪೀಟರ್ ರ‍್ಯಾಬಿಟ್' ಜಗತ್ತಿನ ಮಕ್ಕಳ ಸ್ವತ್ತಾಯಿತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಛಲದ ಗೆಲುವಿನ ಕಥೆಯಾಗಿ ಹೇಳಲಾಗುತ್ತದೆ. ಆದರೆ ನಮಗೆ ಮುಖ್ಯವಾಗಬೇಕಾದದ್ದು ಬೇರೆ. ಆ ಕಥೆ ಮೊದಲು ಹುಟ್ಟಿದ್ದು ಮಾರುಕಟ್ಟೆಗಾಗಿ ಅಲ್ಲ, ಹೆಸರು ಗೊತ್ತಿದ್ದ ಒಂದು ಮಗುವಿಗಾಗಿ. ಕೈಯಿಂದ ಮಾಡಿದ ಮಕ್ಕಳ ಪುಸ್ತಕದ ಬಗ್ಗೆ ನಾವು ಇಂದು ಗಂಭೀರವಾಗಿ ಯೋಚಿಸಬೇಕಾದದ್ದೂ ಇದೇ ಕಾರಣಕ್ಕೆ.

ಬಣ್ಣದ ಪುಸ್ತಕವೊಂದನ್ನು ಆಫ್‌ಸೆಟ್‌ನಲ್ಲಿ ಮುದ್ರಿಸಲು ನಾಲ್ಕು ಬಣ್ಣಗಳಿಗೆ ನಾಲ್ಕು ಪ್ಲೇಟುಗಳು ಬೇಕು. ಐವತ್ತು ಪ್ರತಿ ತೆಗೆದರೂ ಸಾವಿರ ಪ್ರತಿ ತೆಗೆದರೂ ಪ್ಲೇಟಿನ ಖರ್ಚು, ಯಂತ್ರವನ್ನು ಹದಗೊಳಿಸುವ ಖರ್ಚು ಬಹುಪಾಲು ಒಂದೇ. ಆದ್ದರಿಂದಲೇ ಸಾವಿರ ಪ್ರತಿಗಿಂತ ಕಡಿಮೆ ಮುದ್ರಿಸುವುದು ಕನ್ನಡದ ಪ್ರಕಾಶಕರಿಗೆ ಬಹುಕಾಲ ನಷ್ಟದ ಬಾಬತ್ತಾಗಿತ್ತು. ಡಿಜಿಟಲ್ ಮುದ್ರಣ ಬಂದ ಮೇಲೆ ಈ ಹೊರೆ ಇಳಿದಿದೆ, ನಿಜ. ಆದರೂ ಬಣ್ಣದ ಪುಟದ ದರ ಇನ್ನೂ ಹೆಚ್ಚೇ. ಪ್ರಕಾಶಕರನ್ನು ದೂರಿ ಪ್ರಯೋಜನವಿಲ್ಲ. ಅವರದು ಲೆಕ್ಕಾಚಾರದ ಅನಿವಾರ್ಯತೆ.

ಆ ಲೆಕ್ಕಕ್ಕೆ ಸಿಗದೆ ಉಳಿಯುವ ಮಕ್ಕಳು ಯಾರು? ಮನೆಯಲ್ಲಿ ಲಂಬಾಣಿ, ಬ್ಯಾರಿ ಅಥವಾ ಕೊಡವ ಮಾತನಾಡಿ ಶಾಲೆಯಲ್ಲಿ ಕನ್ನಡ ಓದುವ ಮಗು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಗು. ಪಠ್ಯಪುಸ್ತಕದ ಕನ್ನಡಕ್ಕಿಂತ ಬೇರೆಯೇ ಆದ ಕಲಬುರಗಿಯ ಅಥವಾ ಕುಂದಾಪುರದ ಕನ್ನಡವನ್ನು ಆಡುವ ಮಗು. ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಕೆ ನಡೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆದರೆ ಓದಲು ಪುಸ್ತಕವೇ ಇಲ್ಲದ ಮನೆಮಾತಿನಲ್ಲಿ ಕಲಿಕೆ ನಡೆಯುವುದು ಹೇಗೆ? ಸಾವಿರ ಕೊಳ್ಳುಗರು ಇಲ್ಲದ ನುಡಿಗೆ ಐವತ್ತು ಪ್ರತಿಯ ಪುಸ್ತಕವೇ ದಾರಿ.

ಅದಕ್ಕೆ ತಗಲುವ ಖರ್ಚನ್ನು ನೋಡೋಣ. ನಾಲ್ಕು ಎ4 ಹಾಳೆಗಳನ್ನು ಒಂದರೊಳಗೊಂದು ಇಟ್ಟು ನಡುವೆ ಮಡಚಿದರೆ ಹದಿನಾರು ಪುಟಗಳಾಗುತ್ತವೆ. ಕಪ್ಪು ಗೆರೆಯ ಚಿತ್ರ ಮತ್ತು ದಪ್ಪ ಅಕ್ಷರಗಳ ಮೂಲಪ್ರತಿಯೊಂದನ್ನು ಸಿದ್ಧಪಡಿಸಿ, ಜೆರಾಕ್ಸ್ ಅಂಗಡಿಯಲ್ಲಿ ಒಂದು ಬದಿಗೆ ಎರಡು ರೂಪಾಯಿಯಂತೆ ಎಂಟು ಬದಿ ತೆಗೆಸಿದರೆ 16 ರೂಪಾಯಿ. ಹೊದಿಕೆಯ ದಪ್ಪ ಕಾಗದ, ದಾರ ಎಲ್ಲ ಸೇರಿ ಪ್ರತಿಯೊಂದಕ್ಕೆ ಸುಮಾರು 25 ರೂಪಾಯಿ, ಐವತ್ತು ಪ್ರತಿಗೆ 1,250 ರೂಪಾಯಿ. ದರ ಊರಿಂದ ಊರಿಗೆ ತುಸು ಬದಲಾದೀತು. ಬಣ್ಣ ಬೇಕೆನಿಸಿದರೆ ಅಡ್ಡ ಕತ್ತರಿಸಿದ ಬೆಂಡೆಕಾಯಿ, ಆಲೂಗಡ್ಡೆಯ ಅಚ್ಚುಗಳಿವೆ. ಲಗ್ನಪತ್ರಿಕೆ ಮುದ್ರಿಸುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗಳೂ ಹಲವು ಪಟ್ಟಣಗಳಲ್ಲಿವೆ. ಹಾಸಿಗೆ ಇದ್ದಷ್ಟೇ ಕಾಲು ಚಾಚುವವನಿಗೆ ಇಲ್ಲಿ ಸಾಕಷ್ಟು ಅವಕಾಶವಿದೆ.

ಆದರೆ ಈ ಲೆಕ್ಕದಲ್ಲಿ ಒಂದು ಅಪ್ರಾಮಾಣಿಕತೆ ಅಡಗಿದೆ. ಹಾಳೆ ಮಡಚಿ, ದಬ್ಬಣದಿಂದ ಮೂರು ತೂತು ಹಾಕಿ, ಹೊಲಿದು, ಅಂಚು ಕತ್ತರಿಸಲು ಪ್ರತಿಯೊಂದಕ್ಕೆ ಇಪ್ಪತ್ತು ನಿಮಿಷವೆಂದರೂ ಐವತ್ತು ಪ್ರತಿಗೆ ಹದಿನೇಳು ಗಂಟೆ, ಅಂದರೆ ಎರಡು ದಿನಗಳ ದುಡಿಮೆ. ಅದರ ಕೂಲಿಯನ್ನು ಹಿಡಿಯದೆ 'ಅಗ್ಗ' ಎನ್ನುವುದು ಆತ್ಮವಂಚನೆ. ಮಾರುವುದಾದರೆ ಕೂಲಿಯನ್ನೂ ಸೇರಿಸಿ ಬೆಲೆ ಇಡಬೇಕು. ಹಂಚುವುದಾದರೆ ಅದು ದಾನವೆಂದು ತಿಳಿದೇ ಹಂಚಬೇಕು. ಕೈಯಿಂದ ಮಾಡಿದ್ದೆಲ್ಲ ಅಗ್ಗವೂ ಅಲ್ಲ. ಮಧ್ಯಪ್ರದೇಶದ ಗೊಂಡ ಕಲಾವಿದರ ಚಿತ್ರಗಳಿರುವ, ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ಪ್ರಕಟಿಸಿದ 'ದಿ ನೈಟ್ ಲೈಫ್ ಆಫ್ ಟ್ರೀಸ್' ಕೈಕಾಗದದ ಮೇಲೆ ಕೈಯಿಂದಲೇ ಸ್ಕ್ರೀನ್ ಪ್ರಿಂಟ್ ಮಾಡಿ ಹೊಲಿದ ಪುಸ್ತಕ. 2008ರಲ್ಲಿ ಇಟಲಿಯ ಬೊಲೊನಾ ಮಕ್ಕಳ ಪುಸ್ತಕ ಮೇಳದ ಪ್ರಶಸ್ತಿಯೂ ಅದಕ್ಕೆ ಸಂದಿತು. ಅದರ ಬೆಲೆ ಸಾಮಾನ್ಯ ಕುಟುಂಬದ ಅಳವಿನದ್ದಲ್ಲ. ಆದರೆ ಕುಶಲ ದುಡಿಮೆಗೆ ತೆರಬೇಕಾದ ನ್ಯಾಯವಾದ ಬೆಲೆ ಅದು.

ಕೈಕೆಲಸವೆಂಬ ಕಾರಣಕ್ಕೆ ರಿಯಾಯಿತಿ ಕೇಳುವುದೂ ಸಲ್ಲದು. ಮಗು ಅತ್ಯಂತ ನಿಷ್ಠುರ ಓದುಗ. ಬೇಸರ ಬಂದರೆ ಪುಸ್ತಕ ಬಿಟ್ಟು ಎದ್ದು ಹೋಗುತ್ತದೆ. ಹೊಲಿಗೆಗೆ ಮುನ್ನ ಕಥೆಯನ್ನು ನಾಲ್ಕಾರು ಮಕ್ಕಳಿಗೆ ಓದಿ ಹೇಳಿ, ಅವರು ಆಕಳಿಸಿದ ಜಾಗವನ್ನು ಕತ್ತರಿಸುವುದು ಮೊದಲ ಸಂಪಾದನೆ. ಪಿನ್ನಿನ ಬದಲು ದಾರ ಬಳಸಬೇಕು. ಹುಳು ಹಿಡಿಯದಿರಲೆಂದು ಬೈಂಡಿಂಗ್ ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ರೂಢಿ ಪುಸ್ತಕವನ್ನು ಬಾಯಿಗಿಡುವ ಎಳೆಯ ಮಕ್ಕಳ ವಿಷಯದಲ್ಲಿ ಅಪಾಯಕಾರಿ. ಇಂಟರ್ನೆಟ್‌ನಲ್ಲಿ ಕಂಡ ಚಿತ್ರವನ್ನೆಲ್ಲ ಇಳಿಸಿಕೊಳ್ಳುವುದು ಕಳವಿಗೆ ಸಮ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಮುಕ್ತ ಪರವಾನಗಿಯ ಕಥೆಗಳಿವೆ. ಮೂಲ ಲೇಖಕರ ಮತ್ತು ಚಿತ್ರಕಾರರ ಹೆಸರು ನಮೂದಿಸಿ ಅವನ್ನು ಅನುವಾದಿಸಬಹುದು, ಮುದ್ರಿಸಬಹುದು. ಮೊದಲ ಹೆಜ್ಜೆಗೆ ಅದು ಉತ್ತಮ ಆಸರೆ.

ಮೊಬೈಲಿನಲ್ಲಿ ಪುಕ್ಕಟೆ ಕಥೆಗಳು ಸಿಗುವಾಗ ಈ ಸೂಜಿ ದಾರದ ಉಸಾಬರಿ ಏಕೆಂದು ಕೇಳುವವರಿದ್ದಾರೆ. ಮೊಬೈಲು ಮನೆಯ ಹಿರಿಯರದು. ಅವರ ಕೈಯಿಂದ ಬಿಡುವಾದಾಗ ಮಗುವಿಗೆ ದಕ್ಕುತ್ತದೆ. ಪುಸ್ತಕವಾದರೆ ಮಗುವಿನದೇ. ಅದರಲ್ಲಿ ತನ್ನ ಊರಿನ ಕೆರೆ, ತನ್ನ ಅಜ್ಜಿಯ ಮಾತು ಇದ್ದರೆ, ಪುಸ್ತಕವೆಂಬುದು ದೂರದ ಯಾರೋ ದೊಡ್ಡವರು ಬರೆದು ಕಳಿಸುವ ವಸ್ತುವಲ್ಲ, ನಾವೂ ಮಾಡಬಹುದಾದದ್ದು ಎಂಬ ಅರಿವು ಮೂಡುತ್ತದೆ. ಶಾಲೆಗಳ ಕೈಬರಹ ಪತ್ರಿಕೆಗಳು ಒಂದು ಕಾಲದಲ್ಲಿ ಮಾಡಿದ್ದು ಇದೇ ಕೆಲಸವನ್ನು.

ಸ್ವಂತ ಪ್ರಕಟಣೆ ಕನ್ನಡಕ್ಕೆ ಅಪರಿಚಿತವೂ ಅಲ್ಲ, ಅಗೌರವದ್ದೂ ಅಲ್ಲ. ತಾವು ಬರೆದ ಪುಸ್ತಕಗಳನ್ನು ಹೊತ್ತು ಊರೂರು ಅಲೆದು ಮಾರಿದ ಗಳಗನಾಥರ ನೆನಪು ಇನ್ನೂ ಮಾಸಿಲ್ಲ. ಮಕ್ಕಳಿಗಾಗಿ 'ಬಾಲ ಪ್ರಪಂಚ'ದಂತಹ ಬೃಹತ್ ಕೃತಿಯನ್ನು ಕೊಟ್ಟ ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದವರು.

ಹೀಗೆ ತಯಾರಾದ ಪುಸ್ತಕ ಮಕ್ಕಳನ್ನು ತಲುಪಲು ದಾರಿ ಬೇಕು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಪ್ರತಿ ಕೇಂದ್ರದಲ್ಲಿ ಊರಿನವರೇ ಮಾಡಿದ ಪುಸ್ತಕಗಳಿಗೆ ಒಂದು ಕಪಾಟನ್ನು ಮೀಸಲಿಟ್ಟರೆ, ವರ್ಷಕ್ಕೆ ಹತ್ತಿಪ್ಪತ್ತು ಪ್ರತಿಗಳನ್ನು ನ್ಯಾಯವಾದ ಬೆಲೆ ತೆತ್ತು ಕೊಂಡರೆ, ಸರ್ಕಾರಕ್ಕೆ ಅದು ಹೊರೆಯಾಗದು. ಶಿಕ್ಷಕರ ತರಬೇತಿಯಲ್ಲಿ ಒಂದು ದಿನವನ್ನು ಪುಸ್ತಕ ಹೊಲಿಯುವುದಕ್ಕೆ ಕೊಡಬಹುದು. ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುತ್ತ ಬಂದಿರುವ ಕನ್ನಡ ಪುಸ್ತಕ ಪ್ರಾಧಿಕಾರ, ಐವತ್ತು ಪ್ರತಿಯ ಇಂತಹ ಮಕ್ಕಳ ಪುಸ್ತಕಗಳಿಗೂ ಒಂದು ಪುಟ್ಟ ಯೋಜನೆಯನ್ನು ರೂಪಿಸಬಹುದು. ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತ; ಬೇಕೆನಿಸಿದವರು ಪಡೆಯಬಹುದು, ಆದರೆ ಅದಿಲ್ಲವೆಂಬ ಕಾರಣಕ್ಕೆ ಊರಿನ ಕಪಾಟು ಬಾಗಿಲು ಮುಚ್ಚಬಾರದು.

ಇವುಗಳಲ್ಲಿ ಎಷ್ಟು ಪುಸ್ತಕಗಳು 'ಪೀಟರ್ ರ‍್ಯಾಬಿಟ್' ಆದಾವು? ಬಹುಶಃ ಒಂದೂ ಇಲ್ಲ. ಆಗಬೇಕಾದ ಅಗತ್ಯವೂ ಇಲ್ಲ. ಐವತ್ತು ಮಕ್ಕಳ ಕೈಯಲ್ಲಿ ಹಾಳೆ ಮುದುಡಿ, ಮೂಲೆ ಸವೆದು, ದಾರ ಸಡಿಲಗೊಂಡ ಪುಸ್ತಕ ತನ್ನ ಕೆಲಸವನ್ನು ಮುಗಿಸಿದೆ ಎಂದೇ ಅರ್ಥ. ಮುಂದಿನ ವರ್ಷ ಅದನ್ನು ಮತ್ತೆ ಹೊಲಿಯುವ ಕೈಗಳು ಊರಿನಲ್ಲಿರಬೇಕು, ಅಷ್ಟೆ.