ಮನೋವ್ಯಾಧಿಯೂ ಮನೆಯ ಶುಶ್ರೂಷೆಯೂ

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಮಂಚದ ಒಂದು ಕಾಲು ಮುರಿದರೆ ಉಳಿದ ಮೂರು ಎಷ್ಟೇ ಗಟ್ಟಿಯಾಗಿದ್ದರೂ ಮಲಗಿದವನು ಉರುಳುವನಷ್ಟೆ. ಜ್ವರ ಬಂದಾಗ, ಕಾಲು ಮುರಿದಾಗ, ಮನೆಯಲ್ಲಿ ಬಾಣಂತಿಯಿದ್ದಾಗ ನಾವು ಈ ಮಾತನ್ನು ಮರೆಯುವುದಿಲ್ಲ. ನೆರೆಹೊರೆಯವರೂ ಗಂಜಿ ಕಾಯಿಸಿಕೊಂಡು ಬರುವರು. ಬೇನೆಯು ಮನಸ್ಸಿಗೆ ತಗಲಿದಾಗ ಮಾತ್ರ ಪರಿಚಾರಕನೆಂಬ ಪಾದವು ಮನೆಯಿಂದ ಮಾಯವಾಗುವುದು. ಅದರ ಸ್ಥಳದಲ್ಲಿ ನಾಚಿಕೆಯೂ ಭಯವೂ ಬಂದು ನಿಲ್ಲುವುವು. ಈ ತಿಂಗಳು ಆ ಪಾದದ ವಿಷಯವಾಗಿಯೇ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ಮೊದಲು ಹೆಸರಿನ ವಿಚಾರ. 'ಹುಚ್ಚು' ಎಂಬ ಒಂದೇ ಮಾತಿನ ಚೀಲದಲ್ಲಿ ನಾವು ಎಷ್ಟೋ ಬೇರೆ ಬೇರೆ ವ್ಯಾಧಿಗಳನ್ನು ತುಂಬಿದ್ದೇವೆ. ಇಲ್ಲದ ದನಿ ಕೇಳಿಸುವುದು, ಯಾರೋ ತನಗೆ ಕೇಡು ಬಗೆಯುತ್ತಿರುವರೆಂಬ ಅಲುಗಾಡದ ಶಂಕೆ ಹಿಡಿಯುವುದು ಒಂದು ಬಗೆ. ವಾರಗಟ್ಟಲೆ ಯಾವುದರಲ್ಲಿಯೂ ರುಚಿಯಿಲ್ಲದೆ, ನಿದ್ರೆ ಹಸಿವುಗಳು ಕೆಟ್ಟು, ಬದುಕೇ ಭಾರವೆನಿಸುವ ಖಿನ್ನತೆಯು ಇನ್ನೊಂದು. ಅತಿಯಾದ ಉಲ್ಲಾಸ, ಅತಿಯಾದ ಮಾತು, ಕೈಮೀರಿದ ಖರ್ಚು ಮತ್ತೊಂದು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುವ ಬಾಣಂತಿ ಸನ್ನಿಯು ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯಕರವಾದುದು. ಅದಕ್ಕೆ ಆ ದಿನವೇ ದವಾಖಾನೆಯ ಚಿಕಿತ್ಸೆ ಬೇಕು. ಆದರೆ ದುಃಖವೆಲ್ಲವೂ ರೋಗವಲ್ಲ. ನಮ್ಮ ಈ ಮುಧೋಳದ ನೆಲದ ಕವಿ ರನ್ನನು ರಣಭೂಮಿಯಲ್ಲಿ ತನ್ನವರ ಶವಗಳ ನಡುವೆ ನಡೆಯುವ ದುರ್ಯೋಧನನ ಶೋಕವನ್ನು ಚಿತ್ರಿಸಿರುವನು. ಕಾರಣವುಳ್ಳ ಆ ಶೋಕವನ್ನು ಯಾರೂ ವ್ಯಾಧಿಯೆನ್ನರು. ದುಃಖವು ಕಾಲಕಳೆದಂತೆ ಇಳಿಯದೆ ಉಣ್ಣುವ, ಮಲಗುವ, ದುಡಿಯುವ ಕ್ರಮವನ್ನೇ ಮುರಿದಾಗ ಮಾತ್ರ ಅದನ್ನು ವ್ಯಾಧಿಯೆಂದು ಶಂಕಿಸತಕ್ಕದ್ದು.

ತರಗತಿಯಲ್ಲಿ ಶಬ್ದರೂಪಗಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ ನನ್ನ ಶಿಷ್ಯನೊಬ್ಬನಿದ್ದನು. ಇಪ್ಪತ್ತೆರಡನೆಯ ವಯಸ್ಸಿಗೆ ಅವನು ಸ್ನಾನ ಬಿಟ್ಟನು, ಗೆಳೆಯರನ್ನು ಬಿಟ್ಟನು, ತನ್ನಷ್ಟಕ್ಕೆ ತಾನೇ ಮಾತನಾಡತೊಡಗಿದನು, ಕೊನೆಗೆ ಅವ್ವ ಬಡಿಸಿದ ರೊಟ್ಟಿಯಲ್ಲಿ ವಿಷವಿದೆಯೆಂದು ಗಂಗಾಳವನ್ನೇ ದೂಡಿದನು. ಒಬ್ಬರು ಗಾಳಿ ಸೋಕಿದೆಯೆಂದರು, ಇನ್ನೊಬ್ಬರು ಮಾಟವೆಂದರು, ಮದುವೆ ಮಾಡಿದರೆ ಸರಿಹೋಗುವನೆಂದು ಮೂರನೆಯವರು ಹೇಳಿದರು. ತಾಯಿತ, ಹರಕೆಗಳಲ್ಲಿ ಎರಡು ವರುಷ ಕಳೆದುವು. ನಾನು ಹೋಗಿ ನೋಡಿದಾಗ ಅವನು ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಲ್ಪಟ್ಟಿದ್ದನು. ಅವನ ತಾಯಿಯು, "ಕಟ್ಟದಿದ್ರ ಓಡಿ ಹೋಗ್ತಾನ್ರಿ ಮಾಸ್ತರ್ರ, ಬಿಟ್ರ ಊರು ನಗತದ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ತಾಯಿಗೆ ಪ್ರೀತಿಯ ಕೊರತೆಯಿರಲಿಲ್ಲ. ಏನು ಮಾಡಬೇಕೆಂದು ಹೇಳುವವರ ಕೊರತೆಯಿತ್ತು.

ಊರಿನ ಆಶಾ ಕಾರ್ಯಕರ್ತೆಯು ಹೇಳಿದ ಮೇಲೆ ಅವನನ್ನು ಮನೋವೈದ್ಯರಲ್ಲಿಗೆ ಕರೆದೊಯ್ದರು. ಕೆಲವು ತಿಂಗಳಲ್ಲಿ ಅವನು ತಾನಾಗಿ ಹೊಲಕ್ಕೆ ಹೋಗುವಂತಾದನು. ಆಗ ಮನೆಯವರು, ಕಬ್ಬಿನ ಕಟಾವಿನ ಹಂಗಾಮಿನ ಗಡಿಬಿಡಿಯಲ್ಲಿ, ನೆಟ್ಟಗಾಗಿದ್ದಾನೆಂದು ಗುಳಿಗೆಗಳನ್ನು ನಿಲ್ಲಿಸಿದರು. ಮೂರು ತಿಂಗಳಲ್ಲಿ ದನಿಗಳು ಮರಳಿದುವು. ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಈಗ ಅವನು ಗುಳಿಗೆ ತಪ್ಪಿಸುವುದಿಲ್ಲ. ಮನೆಯ ಲೆಕ್ಕವನ್ನು ಅವನೇ ಬರೆಯುವನು. ಮೊದಲಿನ ಚುರುಕು ಪೂರ್ತಿಯಾಗಿ ಮರಳಿಲ್ಲ. ಆದರೆ ಕಂಬದ ಹಗ್ಗವು ಮರಳಿ ದನದ ಕೊರಳಿಗೇ ಹೋಯಿತು.

ಇಂತಹ ರೋಗಿಗೆ ಹಿಂದೆ ಇದ್ದುದು ಎರಡೇ ಗತಿ: ಮನೆಯ ಹಗ್ಗ, ಇಲ್ಲವೇ ದೂರದ ಹುಚ್ಚರ ಆಸ್ಪತ್ರೆಯ ಗೋಡೆ. ನಮ್ಮ ಉತ್ತರ ಸೀಮೆಯವರಿಗೆ ಧಾರವಾಡದ ಆಸ್ಪತ್ರೆ. ಅದು ಇಂದು ಡಿಮ್ಹಾನ್ಸ್ ಎಂಬ ವಿದ್ಯಾಸಂಸ್ಥೆಯಾಗಿದೆ. ಮೈಸೂರು ಸಂಸ್ಥಾನದವರಿಗೆ ಬೆಂಗಳೂರಿನದು. ಅಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, 1974ರಲ್ಲಿ ಇವೆರಡೂ ಕೂಡಿ ನಿಮ್ಹಾನ್ಸ್ ಆಯಿತು. ಇದರ ನಡುವೆ 1952ರಲ್ಲಿ ಪ್ಯಾರಿಸ್ ನಗರದ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಮನೋರೋಗಕ್ಕೆ ಕೊಟ್ಟು ನೋಡಿದ್ದರು. ಗುಳಿಗೆಯಿಂದ ಉನ್ಮಾದವು ತಗ್ಗುವುದೆಂದ ಮೇಲೆ ಗೋಡೆಯ ಅವಶ್ಯಕತೆ ಎಷ್ಟು ಎಂಬ ಪ್ರಶ್ನೆಯು ಸಹಜವಾಗಿ ಎದ್ದಿತು. ಅದೇ ದಶಕದಲ್ಲಿ ಅಮೃತಸರದ ಡಾಕ್ಟರ್ ವಿದ್ಯಾಸಾಗರರು ರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಇರಿಸಿಕೊಂಡು, ಅವರಿಗೂ ಶುಶ್ರೂಷೆಯ ಪಾಠ ಹೇಳಿದರು.

ಮುಂದಿನ ಹೆಜ್ಜೆಯನ್ನು ನಮ್ಮ ಕನ್ನಡನಾಡೇ ಇಟ್ಟಿತೆಂಬುದು ಹೆಮ್ಮೆಯ ಸಂಗತಿ. ಬೆಂಗಳೂರಿನ ಬಳಿಯ ಸಕಲವಾರ ಎಂಬ ಹಳ್ಳಿಯಲ್ಲಿ ನಿಮ್ಹಾನ್ಸಿನವರು 1970ರ ದಶಕದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸುವ ಶಿಕ್ಷಣವನ್ನು ಕೊಡತೊಡಗಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದರ ಪರೀಕ್ಷೆ ನಡೆಯಿತು: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ತಪಾಸಣೆ, ಅಲ್ಲಿಯೇ ಅವಶ್ಯವಾದ ಕೆಲವೇ ಔಷಧಗಳು, ಮನೆಮನೆಗೆ ಹೋಗುವ ಕಾರ್ಯಕರ್ತರಿಂದ ವಿಚಾರಣೆ. ಬಳ್ಳಾರಿಯ ಆ ಮಾದರಿಯನ್ನೇ ಅನುಸರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಇದರ ಜಿಲ್ಲಾ ತಂಡದಲ್ಲಿ ಮನೋವೈದ್ಯರ ಜೊತೆಗೆ ಶಿಕ್ಷಣ ಪಡೆದ ದಾದಿಯರೂ ಇರತಕ್ಕದ್ದೆಂಬುದನ್ನು ಗಮನಿಸಿರಿ. ಆಸ್ಪತ್ರೆಯ ದಾದಿಯು ರೋಗಿಯನ್ನು ನೋಡುವಳು; ಸಮುದಾಯದ ದಾದಿಯು ರೋಗಿಯಿರುವ ಮನೆಯನ್ನೇ ನೋಡುವಳು.

ಆದರೆ ದಾದಿಯು ತಿಂಗಳಿಗೊಮ್ಮೆ ಬರುವಳು; ಉಳಿದ ದಿನಗಳ ಪರಿಚಾರಕರು ಮನೆಯವರೇ. ಚರಕಸಂಹಿತೆಯು ಪರಿಚಾರಕನಿಗೆ ನಾಲ್ಕು ಗುಣಗಳನ್ನು ವಿಧಿಸಿದೆ: ಉಪಚಾರದ ಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ. ಇವನ್ನು ಒಂದೊಂದಾಗಿ ನೋಡೋಣ.

ಉಪಚಾರದ ಜ್ಞಾನವೆಂದರೆ ಔಷಧದ ನಡತೆಯನ್ನು ತಿಳಿದಿರುವುದು. ಖಿನ್ನತೆಯ ಗುಳಿಗೆಗಳು ಗುಣ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು; ನಾಲ್ಕು ದಿನಕ್ಕೆ ಫಲವಿಲ್ಲವೆಂದು ಬಿಡತಕ್ಕದ್ದಲ್ಲ. ಕೈನಡುಕ, ಮೈ ಬಿಗಿತ, ಅತಿನಿದ್ರೆ, ತೂಕದ ಹೆಚ್ಚಳ ಕಂಡರೆ ವೈದ್ಯರಿಗೆ ತಿಳಿಸಬೇಕಲ್ಲದೆ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಗುಣವಾದ ಮೇಲೆಯೂ ಎಷ್ಟು ಕಾಲ ನುಂಗಬೇಕೆಂಬುದನ್ನು ವೈದ್ಯರೇ ನಿರ್ಣಯಿಸುವರು.

ದಕ್ಷತೆಯೆಂದರೆ ಸಮಯಸ್ಫೂರ್ತಿ. ನಿದ್ರೆ ಕೆಡುವುದು, ಸ್ನಾನ ತಪ್ಪುವುದು, ಶಂಕೆ ಮರುಕಳಿಸುವುದು ಬೇನೆಯು ಮರಳುವ ಮುನ್ಸೂಚನೆಗಳು. ದನಿ ಕೇಳಿಸುತ್ತಿದೆಯೆಂದು ರೋಗಿ ಹೇಳಿದರೆ ವಾದಕ್ಕಿಳಿಯಬೇಡಿರಿ. ಹೌದೆಂದು ತಲೆದೂಗಲೂ ಬೇಡಿರಿ. ನನಗೆ ಕೇಳಿಸುತ್ತಿಲ್ಲ, ಆದರೆ ನಿನಗೆ ಹೆದರಿಕೆಯಾಗಿರುವುದು ತಿಳಿಯುತ್ತದೆ ಎಂದರೆ ಸಾಕು. ಸಾಯಬೇಕೆಂದು ಒಮ್ಮೆ ಆಡಿದವರನ್ನು ಒಂಟಿಯಾಗಿ ಬಿಡಬಾರದು. ಆ ಯೋಚನೆಯುಂಟೇ ಎಂದು ನೇರವಾಗಿ ಕೇಳಿದರೆ ಅದು ಹೆಚ್ಚುವುದೆಂಬ ಭಯವು ಸುಳ್ಳು. ಕೇಳುವುದರಿಂದ ಎದೆಯ ಭಾರವು ಇಳಿಯುವುದು. ನಮ್ಮಂತಹ ಒಕ್ಕಲುತನದ ಸೀಮೆಯಲ್ಲಿ ಕ್ರಿಮಿನಾಶಕದ ಡಬ್ಬಿಗಳನ್ನು ಬೀಗದೊಳಗೆ ಇಡುವುದೊಂದೇ ಎಷ್ಟೋ ಪ್ರಾಣಗಳನ್ನು ಉಳಿಸಬಲ್ಲದು.

ಅನುರಾಗದ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮೊದಲಾದವರು ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಗಳನ್ನು ಕುರಿತು ಸಂಶೋಧಿಸಿ, ಎಡೆಬಿಡದ ಟೀಕೆಯೂ ಹಗೆತನವೂ ಇರುವ ಮನೆಗಳಲ್ಲಿ ಬೇನೆಯು ಹೆಚ್ಚಾಗಿ ಮರುಕಳಿಸುವುದೆಂದು ಕಂಡರು. ಉಸಿರು ಕಟ್ಟಿಸುವಷ್ಟು ಅತಿಯಾದ ಕಾಳಜಿಯಿಂದಲೂ ಹಾಗೆಯೇ ಆಗುವುದೆಂದು ಕಂಡರು. ಸೋಮಾರಿಯೆಂದು ಬೈಯುವುದೂ ಬೇಡ, ತುತ್ತು ಮಾಡಿ ಉಣಿಸುವುದೂ ಬೇಡ. ದನಕ್ಕೆ ನೀರು ತೋರಿಸುವಂತಹ ಸಣ್ಣ ಕೆಲಸವೊಂದನ್ನು ಒಪ್ಪಿಸಿ, ಮಾಡಿದಾಗ ಒಂದು ಒಳ್ಳೆಯ ಮಾತನ್ನಾಡಿದರೆ ಅದುವೇ ಅನುರಾಗ.

ಶುಚಿತ್ವವು ಮೈಯದೂ ಹೌದು, ಮನಸ್ಸಿನದೂ ಹೌದು. ಬೀಗತನ ಮುರಿಯುವುದೆಂದು ರೋಗವನ್ನು ಮುಚ್ಚಿಟ್ಟು ಮದುವೆ ಮಾಡುವುದು ಶುಚಿಯಾದ ನಡತೆಯಲ್ಲ. ಅದರಿಂದ ಎರಡು ಮನೆಗಳು ಕೆಡುವುವು. ಆರೈಕೆಯ ಭಾರವನ್ನೆಲ್ಲ ಮನೆಯ ಒಬ್ಬ ಹೆಣ್ಣುಮಗಳ ತಲೆಗೆ ಹೊರಿಸಿ ಉಳಿದವರು ಕೈತೊಳೆದುಕೊಳ್ಳುವುದೂ ಶುಚಿತ್ವವಲ್ಲ.

ಅದೇ ಗ್ರಂಥದ ಉನ್ಮಾದಚಿಕಿತ್ಸೆಯಲ್ಲಿ ಸಾಂತ್ವನದ ಜೊತೆಗೆ ಬೆದರಿಸುವುದೂ ಕಟ್ಟಿಹಾಕುವುದೂ ಇವೆಯಲ್ಲವೇ ಎಂದು ಪಂಡಿತರೊಬ್ಬರು ಕೇಳಬಹುದು. ಇವೆ. ಶಾಸ್ತ್ರದಲ್ಲಿರುವುದೆಲ್ಲವೂ ಎಲ್ಲ ಕಾಲಕ್ಕೂ ಪಥ್ಯವಲ್ಲ. ಸಾಂತ್ವನವನ್ನು ಇಟ್ಟುಕೊಂಡು ಹಗ್ಗವನ್ನು ಬಿಡುವುದೇ ವಿವೇಕ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಹುಲ್ಲಿನ ಮಾಡಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾರದೆ ಹೋದರು. ಆ ದುರಂತದಲ್ಲಿ 28 ಮಂದಿ ಮಡಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮನೋರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ, ಶಿಕ್ಷಿಸದೆ ಆರೈಕೆ ಮಾಡಬೇಕೆಂದೂ ಅದು ಹೇಳುತ್ತದೆ.

ಹೋಗಬೇಕಾದ ದಾರಿಯು ಈಗ ದೂರವಿಲ್ಲ. ತಾಲೂಕು ದವಾಖಾನೆಗೆ ಮನೋವೈದ್ಯರು ಬರುವ ದಿನವನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಿರಿ. 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ಫೋನು ಮಾಡಬಹುದು. ಹಣ ಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಸೋದರ ಸೋದರಿಯರೇ, ಈ ಪುಟವನ್ನು ಓದಿ ಮುಗಿಸಿದ ಮೇಲೆ ನಿಮ್ಮ ಓಣಿಯಲ್ಲಿ ಬಹುದಿನಗಳಿಂದ ಹೊರಗೆ ಕಾಣಿಸದಿರುವ ಮುಖವು ಯಾವುದೆಂದು ಒಮ್ಮೆ ನೆನೆಯಿರಿ. ಆ ಮನೆಯ ಬಾಗಿಲನ್ನು ಕುತೂಹಲದಿಂದ ತಟ್ಟಬೇಡಿರಿ. ಜ್ವರದ ಮನೆಗೆ ಗಂಜಿ ಒಯ್ಯುವವರಂತೆ ತಟ್ಟಿರಿ.