ಅಂಕಿಗಳ ಮೋಹವೂ ದುಃಶ್ರುತಿಯೇ

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತ. ಮದ್ಯ, ಮಾಂಸ, ಬೇಟೆ, ಕಳವುಗಳಿಗಿಂತ ಮುಂಚೆ ಜೂಜನ್ನು ಎಣಿಸಿರುವುದು ಅರ್ಥವತ್ತಾಗಿದೆ. ಉಳಿದ ವ್ಯಸನಗಳಿಗೆ ಬಾಗಿಲು ತೆರೆಯುವುದು ಅದೇ. ಈ ಜೂಜು ಈಗ ಶಾಸ್ತ್ರದ ವೇಷದಲ್ಲಿ ಬರುತ್ತಿದೆ. ಲಾಟರಿಯಲ್ಲಿ ಗೆಲ್ಲುವ ಸಂಖ್ಯೆಯನ್ನು ಆರಿಸುವ ತಂತ್ರ, ಹಿಂದಿನ ಫಲಿತಾಂಶಗಳ ಕೋಷ್ಟಕ, ಸಂಭವನೀಯತೆಯ ಸೂತ್ರ ಎಂದು ಪುಸ್ತಕಗಳು ಹೊರಬರುತ್ತವೆ. ಓದುವವನು ‘ನಾನು ಜೂಜಾಡುತ್ತಿಲ್ಲ, ಗಣಿತ ಕಲಿಯುತ್ತಿದ್ದೇನೆ’ ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುತ್ತಾನೆ.

ಕರ್ನಾಟಕ ಸರ್ಕಾರವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಆದರೆ ಆಸೆಗೆ ನಿಷೇಧ ತಟ್ಟಲಿಲ್ಲ. 1967ರಲ್ಲಿ ಆರಂಭವಾದ ಕೇರಳ ಸರ್ಕಾರದ ಲಾಟರಿ ಗಡಿಯಾಚೆ ಕಾಸರಗೋಡಿನಲ್ಲಿ ಇಂದಿಗೂ ನಡೆಯುತ್ತಿದೆ. ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಮಟಕಾ ಚೀಟಿಯ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ. ‘ರೂಪಾಯಿಗೆ ಎಂಬತ್ತು ರೂಪಾಯಿ’ ಎಂಬ ಮಾತಿಗೆ ಹತ್ತಿ ಬಿಡಿಸಿದ ಕೂಲಿಯೂ ಭತ್ತ ನಾಟಿಯ ಕೂಲಿಯೂ ಕರಗಿಹೋಗುತ್ತವೆ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಜೋಡಿಗಳಿವೆ. ಪ್ರತಿಯೊಂದರ ಮೇಲೂ ಒಂದೊಂದು ರೂಪಾಯಿ ಕಟ್ಟಿದವನಿಗೆ ಗೆಲುವು ಖಚಿತ; ಆದರೂ ನೂರು ಕೊಟ್ಟು ಎಂಬತ್ತನ್ನು ಪಡೆಯುವುದರಿಂದ ಇಪ್ಪತ್ತರ ನಷ್ಟವೂ ಅಷ್ಟೇ ಖಚಿತ. ಈ ಇಪ್ಪತ್ತನ್ನು ತುಂಬಿಕೊಡುವ ತಂತ್ರ ಯಾವ ಪುಸ್ತಕದಲ್ಲಿಯೂ ಇಲ್ಲ.

ಈ ಲೆಕ್ಕವನ್ನು ಕಲಿಯಲು ನಾವು ದೂರದೇಶಕ್ಕೆ ಹೋಗಬೇಕಾಗಿಲ್ಲ. ಮುದನಾಳದಿಂದ ಉತ್ತರಕ್ಕೆ ನಡೆದರೆ ಸೇಡಂ ತಾಲ್ಲೂಕಿನ ಮಳಖೇಡ ಸಿಗುತ್ತದೆ. ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ನೇಮಿನಾಥ ಬಸದಿ ಇರುವ ಊರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬ ಸಾಮಾನ್ಯ ನಿಯಮವನ್ನು ಅವರು ಅದರಲ್ಲಿ ಕೊಟ್ಟಿದ್ದಾರೆ. ಅವರ ಉದಾಹರಣೆ ಷಡ್ರಸಗಳದು: ಆರು ರುಚಿಗಳನ್ನು ಒಂದಾಗಿ, ಎರಡಾಗಿ, ಆರರವರೆಗೂ ಬೆರೆಸಿದರೆ ಒಟ್ಟು 63 ಬಗೆಗಳಾಗುತ್ತವೆ. ಅದೇ ನಿಯಮವನ್ನು ಹೊರದೇಶಗಳಲ್ಲಿ ಪ್ರಚಲಿತವಾದ, 49 ಅಂಕಿಗಳಲ್ಲಿ ಆರನ್ನು ಆರಿಸುವ ಲಾಟರಿಗೆ ಅನ್ವಯಿಸಿದರೆ 1,39,83,816 ಬಗೆಗಳು ಬರುತ್ತವೆ. ಗೆಲ್ಲುವುದು ಅವುಗಳಲ್ಲಿ ಒಂದು ಮಾತ್ರ. ಜನ ಹೆಚ್ಚಾಗಿ ಆರಿಸದ ಅಂಕಿಗಳನ್ನು ಹಿಡಿದರೆ ಬಹುಮಾನವನ್ನು ಹಂಚಿಕೊಳ್ಳುವವರು ಕಡಿಮೆಯಾಗಬಹುದು. ಗೆಲ್ಲುವ ಸಂಭವ ಎಳ್ಳಷ್ಟೂ ಹೆಚ್ಚದು. ಗಣಿತವು ನಿರ್ದೋಷಿ. ಅದು ಭ್ರಮೆಯನ್ನು ಕಳೆಯುತ್ತದೆ. ಅದರ ಹೆಸರಿನಲ್ಲಿ ಭ್ರಮೆಯನ್ನು ಮಾರುವವರು ಬೇರೆ.

ಆ ಭ್ರಮೆ ಯಾವುದು? ‘ಈ ಅಂಕಿ ಬಹುದಿನದಿಂದ ಬಂದಿಲ್ಲ, ಇನ್ನು ಬರಲೇಬೇಕು’ ಎನ್ನುವುದು. ‘ಇದು ಪದೇ ಪದೇ ಬರುತ್ತಿದೆ, ಇದರ ಕಾಲ ಚೆನ್ನಾಗಿದೆ’ ಎನ್ನುವುದು. ಅಂಕಿ ಬರೆದ ಚೆಂಡು ಪುದ್ಗಲ. ಅದಕ್ಕೆ ಚೇತನವಿಲ್ಲ, ನಿನ್ನೆಯ ನೆನಪಿಲ್ಲ, ನಾಳೆಯ ಸಂಕಲ್ಪವಿಲ್ಲ. ಪ್ರತಿ ಸಲದ ಎತ್ತುವಿಕೆಯೂ ಅದಕ್ಕೆ ಮೊದಲ ಸಲದ್ದೇ. ಜಡದಲ್ಲಿ ಜ್ಞಾನವನ್ನೂ ಇಚ್ಛೆಯನ್ನೂ ಕಾಣುವುದು ಜೀವ-ಅಜೀವಗಳ ವಿವೇಕವನ್ನು ಕಳೆದುಕೊಳ್ಳುವುದೇ ಆಗಿದೆ. ಸಮ್ಯಗ್ದರ್ಶನವು ತತ್ತ್ವಶ್ರದ್ಧೆಯಿಂದ ಆರಂಭವಾಗುವುದಾದರೆ, ಈ ಪುಸ್ತಕಗಳು ಮೊದಲ ಮೆಟ್ಟಿಲಲ್ಲಿಯೇ ಓದುಗನ ಕಾಲು ಜಾರಿಸುತ್ತವೆ.

ಆದುದರಿಂದಲೇ ಇವುಗಳನ್ನು ಕೇವಲ ನಿರುಪಯುಕ್ತ ಓದು ಎಂದು ಬಿಟ್ಟುಬಿಡಲಾಗದು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ಹೇಳುತ್ತಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ರಾಗ, ದ್ವೇಷ, ಮಿಥ್ಯಾತ್ವಗಳಿಂದ ಚಿತ್ತವನ್ನು ಕಲುಷಗೊಳಿಸುವ ಗ್ರಂಥಗಳನ್ನು ಕೇಳುವುದು ದುಃಶ್ರುತಿ. ಒಂದು ರೂಪಾಯಿಯನ್ನೂ ಕಟ್ಟದೆ ಕೋಷ್ಟಕಗಳಲ್ಲಿ ಮುಳುಗಿರುವವನಿಗೂ ಈ ದೋಷ ತಪ್ಪಿದ್ದಲ್ಲ. ದುಃಶ್ರುತಿಯ ಬೆನ್ನಿಗೇ ಅಪಧ್ಯಾನ ಬರುತ್ತದೆ. ಬಹುಮಾನದ ಹಣ ಆಕಾಶದಿಂದ ಉದುರುವುದಿಲ್ಲ. ಅದು ಸೋತವರ ಅಕ್ಕಿಯ ಹಣ, ಔಷಧಿಯ ಹಣ, ಮಕ್ಕಳ ಶಾಲೆಯ ಹಣ. ತನ್ನ ಗೆಲುವನ್ನು ಬಯಸುವವನು ಕಾಣದ ಸಹಸ್ರ ಜನರ ಸೋಲನ್ನೂ ಬಯಸಿದಂತಾಯಿತು. ಹಾಗೆ ಬಂದ ಹಣದಿಂದ ಬಸದಿಗೆ ದಾನ ಕೊಟ್ಟರೂ ಅದು ನ್ಯಾಯೋಪಾರ್ಜಿತವಾಗದು.

ಕೆಲವು ಧರ್ಮಶ್ರದ್ಧರು ಕರ್ಮಸಿದ್ಧಾಂತವನ್ನೇ ಆಸರೆಯಾಗಿ ಹಿಡಿಯುತ್ತಾರೆ: ‘ಲಾಭಾಂತರಾಯ ಕರ್ಮವು ಸಡಿಲವಾದರೆ ಬಹುಮಾನ ಬರುತ್ತದೆ, ಚೀಟಿ ಕೊಳ್ಳುವುದರಲ್ಲಿ ತಪ್ಪೇನು?’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಲಾಭಕ್ಕೆ ಅಡ್ಡಿಯಾಗುವ ಕರ್ಮವುಂಟು. ಆದರೆ ಅದರ ಫಲವನ್ನು ಪರೀಕ್ಷಿಸಹೊರಟವನು ಆ ಕ್ಷಣದಲ್ಲಿಯೇ ಲೋಭಕಷಾಯದಿಂದ ಹೊಸ ಕರ್ಮವನ್ನು ಕಟ್ಟಿಕೊಳ್ಳುತ್ತಾನೆ. ಚೀಟಿಯ ಫಲ ಬರಲಿ, ಬಿಡಲಿ, ಆ ಬಂಧ ಮಾತ್ರ ತಪ್ಪದು.

ಲೋಭಕ್ಕೆ ಆಚಾರ್ಯರು ತೋರಿದ ಔಷಧ ಪರಿಗ್ರಹಪರಿಮಾಣ ವ್ರತ: ‘ನನಗೆ ಇಷ್ಟು ಸಾಕು’ ಎಂದು ತಾನೇ ಗೆರೆ ಎಳೆದುಕೊಳ್ಳುವುದು. ಅಂಕಿಗಳಿಂದ ಮಾಡಬೇಕಾದ ನಿಜವಾದ ಲೆಕ್ಕ ಇದು. ಲಾಟರಿಯ ಪುಸ್ತಕವು ಎಷ್ಟು ಬರಬಹುದೆಂದು ಎಣಿಸಲು ಕಲಿಸುತ್ತದೆ. ವ್ರತವು ಎಷ್ಟು ಸಾಕೆಂದು ಎಣಿಸಲು ಕಲಿಸುತ್ತದೆ. ಮೊದಲ ಎಣಿಕೆಗೆ ಕೊನೆಯಿಲ್ಲ, ಎರಡನೆಯದು ಇಂದೇ ಮುಗಿಯಬಲ್ಲದು. ಕೋಷ್ಟಕಗಳ ಮುಂದೆ ಕಳೆಯುವ ಒಂದು ಮುಹೂರ್ತವನ್ನು, ಎಂದರೆ 48 ನಿಮಿಷಗಳನ್ನು, ಸಾಮಾಯಿಕಕ್ಕೆ ಕೊಟ್ಟು ನೋಡಬೇಕು. ಅಲ್ಲಿ ದೊರೆಯುವ ಸಮತೆಗಾಗಿ ಯಾರೊಬ್ಬರೂ ಸೋಲಬೇಕಾಗಿಲ್ಲ.